ಹದಿನಾಲ್ಕು ಹಾಳೆ, ಒಂದೇ ತೂತು

"ತಗೊಳ್ಳಿ, ಕಣ್ತುಂಬ ನೋಡಿ," ಎಂದು ನಂಜುಂಡಯ್ಯನವರು ರೇಷ್ಮೆ ವಸ್ತ್ರದ ಗಂಟು ಬಿಚ್ಚಿ, ಹಾಳೆಗಳ ಕಟ್ಟನ್ನು ನನ್ನ ಮಡಿಲಿಗೇ ಇಟ್ಟರು. "ನಲವತ್ತೆರಡು ವರ್ಷ ಕಾಪಾಡಿಕೊಂಡು ಬಂದಿದ್ದೀನಿ. ಸಾಕ್ಷಿ ಎಲ್ಲಿ ಅಂದ್ರಲ್ಲ? ಇದೇ ಸಾಕ್ಷಿ."

ಮೊದಲ ಮೊಮ್ಮಗನನ್ನು ಬಾಣಂತಿಯ ಕೋಣೆಯಿಂದ ಎತ್ತಿ ತಂದು ನೆಂಟರ ಕೈಗೆ ಕೊಡುವವರ ಗತ್ತು ಅವರ ಮುಖದಲ್ಲಿತ್ತು.

ಮಲಾಡ್ ವೆಸ್ಟ್‌ನ ಸೊಸೈಟಿಯೊಂದರ ಮೂರನೇ ಮಹಡಿ. ಶೋಕೇಸಿನ ತುಂಬ ಶಾಲು, ಫಲಕ, ಗಂಧದ ಹಾರ. ಗೋಡೆಯ ಮೇಲೆ ವೀಣೆ ಹಿಡಿದ ಸರಸ್ವತಿ. ಪಾಪ, ಅವಳಾದರೂ ಏನು ಮಾಡಿಯಾಳು, ಮೊಳೆ ಹೊಡೆದ ಕಡೆ ನಿಂತಿದ್ದಳು.

ನನ್ನ ಪಕ್ಕದಲ್ಲಿ ನೀಲಾಬಾಯಿ ಕೂತಿದ್ದರು. ಒಳಗೆ ಬಂದಾಗ ನಂಜುಂಡಯ್ಯನವರು ಅವರಿಗೆ ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಬೆತ್ತದ ಗಿಡ್ಡ ಮೋಡಾ ತೋರಿಸಿದ್ದರು. ನೀಲಾಬಾಯಿ ಆ ಮೋಡಾ ನೋಡಿದರು, ನಂಜುಂಡಯ್ಯನವರನ್ನು ನೋಡಿದರು, ಆಮೇಲೆ ಸೆರಗು ಸರಿಮಾಡಿಕೊಂಡು ನೇರ ಸೋಫಾದ ಮೇಲೆ, ಅವರ ಎದುರಿಗೇ ಬಂದು ಕೂತರು. ನನಗೆ ಅಲ್ಲೇ ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು.

ವಿಷಯ ಎರಡು ಮಾತಿನದು. ಯುದ್ಧಕಾಲದ ಮುಂಬಯಿಯ ಮೇಲೆ 'ಕಂದೀಲು' ಎಂಬ ಹೆಸರಿನಲ್ಲಿ ಒಂದು ಸಣ್ಣ ಮಾಸಪತ್ರಿಕೆಯಲ್ಲಿ ಬಂದ ಹನ್ನೆರಡು ಕಥೆ, ಇಪ್ಪತ್ತು ಕವನ ತಮ್ಮವೆಂದು ನಂಜುಂಡಯ್ಯನವರು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಅವೆಲ್ಲ ಆ ಪತ್ರಿಕೆಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ತನ್ನ ಗಂಡ ಗುರಲಿಂಗಪ್ಪನವು ಎಂದು ನೀಲಾಬಾಯಿ ಮೂರು ವಾರದ ಹಿಂದೆ ನನ್ನ ಬಾಗಿಲು ತಟ್ಟಿದ್ದರು. ಬರುವ ಭಾನುವಾರ ಫೋರ್ಟ್‌ನ ಸಭಾಂಗಣದಲ್ಲಿ ಅವೆಲ್ಲ 'ಕರಿಕಾಗದದ ಕಿಟಕಿ' ಎಂಬ ಒಂದೇ ದಪ್ಪ ಪುಸ್ತಕವಾಗಿ, ನಂಜುಂಡಯ್ಯನವರ ಹೆಸರಿನಲ್ಲಿ ಬಿಡುಗಡೆಯಾಗಲಿತ್ತು. ಅವತ್ತು ಗುರುವಾರ.

ಕಂದೀಲು ಯಾರೋ ಗೊತ್ತಿಲ್ಲದ ವಯಸ್ಸಿನಲ್ಲೇ ನಾನು ಆ ಸಾಲುಗಳಿಗೆ ಮನಸೋತವಳು. ಮೈಸೂರಿನ ಕಾಲೇಜಿನಲ್ಲಿ ಓದುವಾಗ ಗೆಳತಿಯ ನೋಟ್‌ಬುಕ್ಕಿನಿಂದ ಇಳಿಸಿಕೊಂಡಿದ್ದೆ:

ದೀಪ ಆರಿಸಿ ಅಂದರು. ಆರಿಸಿದೆವು.
ಬೀಡಿ ಆರಿಸಿ ಅಂದರು. ಆರಿಸಿದೆವು.
ಹೊಟ್ಟೆಯ ಉರಿಗೆ ಇನ್ನೂ ವಾರ್ಡನ್ ಬಂದಿಲ್ಲ.

ಬಾಂಬಿನ ಭಯಕ್ಕೆ ಕಿಟಕಿಗೆಲ್ಲ ಕರಿಕಾಗದ ಅಂಟಿಸಿದ ಬ್ಲ್ಯಾಕ್‌ಔಟಿನ ಮುಂಬಯಿಯನ್ನು ಮೂರೇ ಸಾಲಿಗೆ ಇಳಿಸಿದ ಕೈ ಅದು. ಆ ಕೈ ಈ ಮನೆಯ ಸೋಫಾದ ಮೇಲೆ ರೇಷ್ಮೆ ಗಂಟು ಬಿಚ್ಚುತ್ತಿದೆ ಎಂದರೆ ನಂಬಲು ನನ್ನ ಮನಸ್ಸು ಒಪ್ಪುತ್ತಿರಲಿಲ್ಲ. ಆದರೆ ಮನಸ್ಸಿನ ಮಾತು ಸಾಕ್ಷಿಯಾಗುವುದಿಲ್ಲ. ಇನ್ಶೂರೆನ್ಸ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಸುಳ್ಳು ಕಾಗದ ಹಿಡಿಯುವ ಟೇಬಲ್ಲಿನಲ್ಲಿ ಕೂತ ಈ ಪುಟ್ಟಲಕ್ಷ್ಮಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕನ್ನಡಕ ಏರಿಸಿ ಹಾಳೆ ನೋಡತೊಡಗಿದೆ.

'ಎರಡನೇ ಸದ್ದು'. ಹನ್ನೆರಡನೆಯ ಕಥೆ, ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು. ಒಟ್ಟು ಹದಿನಾಲ್ಕು ಹಾಳೆ. ಯಾವುದೋ ಬ್ಯಾಂಕಿನ ಹಳೇ ಫಾರಮ್ಮುಗಳ ಬೆನ್ನಿನ ಮೇಲೆ ಬರೆದದ್ದು. ಯುದ್ಧದ ಕಾಲದಲ್ಲಿ ಕಾಗದಕ್ಕೆ ಕಟ್ಟುನಿಟ್ಟಿತ್ತು, ಎಲ್ಲರೂ ಹಾಗೆಯೇ ಬರೆಯುತ್ತಿದ್ದರು, ಸರಿ. ಕಾಗದ ಹಳೆಯದೇ. ಅಂಚು ಮುಟ್ಟಿದರೆ ಪುಡಿಯಾಗುತ್ತಿತ್ತು. ಅಕ್ಷರ ನಂಜುಂಡಯ್ಯನವರದೇ, ಆ ಉದ್ದ ಬಾಲದ 'ಯ' ಬೇರೆಯವರಿಗೆ ಬರುವುದಿಲ್ಲ.

ಪ್ರತಿ ಹಾಳೆಯ ನಡುವೆ ಒಂದು ತೂತು, ಅದರ ಸುತ್ತ ತುಕ್ಕಿನ ಉಂಗುರ.

ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದೆ.

ಯಾಕೆಂದರೆ ಆ ತೂತಿಗಾಗಿಯೇ ನಾನು ಬಂದಿದ್ದೆ. ಗುರಲಿಂಗಪ್ಪನ ಜೊತೆ ಅದೇ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ ದಾನಪ್ಪನನ್ನು ಸೋಮವಾರ ಭಾಯ್‌ಖಳಾದ ಚಾಳಿನಲ್ಲಿ ಹುಡುಕಿ ಹಿಡಿದಿದ್ದೆ. ಎಂಬತ್ತರ ಮುದುಕ, ಕಣ್ಣು ಮಂಜು, ನೆನಪು ಮಾತ್ರ ಹೊಸ ಬ್ಲೇಡು. ಮೊಳೆ ಜೋಡಿಸುವವರ ಪಕ್ಕದಲ್ಲಿ ಒಂದು ನೆಟ್ಟಗಿನ ತಂತಿ ಇರುತ್ತಿತ್ತಂತೆ. ಒಂದು ಹಾಳೆ ಜೋಡಿಸಿ ಮುಗಿದರೆ ಅದನ್ನು ತಂತಿಗೆ ಚುಚ್ಚಬೇಕು. ತೂತಿಲ್ಲದ ಹಸ್ತಪ್ರತಿ ಪ್ರೆಸ್ಸಿಗೆ ಹೋಗಿಯೇ ಇಲ್ಲ ಎಂದು ದಾನಪ್ಪ ಅಡ್ಡಗೆರೆ ಎಳೆದಂತೆ ಹೇಳಿದ್ದ. ನಂಜುಂಡಯ್ಯನವರ ಹಾಳೆಯಲ್ಲಿ ತೂತಿರುವುದಿಲ್ಲ, ಕಥೆ ಅಲ್ಲಿಗೆ ಮುಗಿಯಿತು ಎಂದು ನಾನು ಲೋಕಲ್ಲಿನಲ್ಲಿ ಕೂತೇ ಮನಸ್ಸಿನಲ್ಲಿ ಮಂಡಿಗೆ ತಿಂದಿದ್ದೆ.

ಈಗ ನೋಡಿದರೆ ಹದಿನಾಲ್ಕಕ್ಕೆ ಹದಿನಾಲ್ಕೂ ತೂತು.

"ಏನ್ ಬಾಯಾರ, ಏನ್ ಕಾಣ್ತು?" ನೀಲಾಬಾಯಿ ಮೆಲ್ಲಗೆ ಕೇಳಿದರು. ಅವರಿಗೆ ಓದು ಬರುವುದಿಲ್ಲ. ನನ್ನ ಮುಖವನ್ನೇ ಓದುತ್ತಿದ್ದರು.

"ತಾಳಿ," ಎಂದೆ.

ಅಡುಗೆಮನೆಯ ಪರದೆ ಸರಿಸಿಕೊಂಡು ನಂಜುಂಡಯ್ಯನವರ ಹೆಂಡತಿ ಸುಬ್ಬಲಕ್ಷ್ಮಮ್ಮ ಕಾಫಿ ತಂದರು. ತೆಳ್ಳಗಿನ ಜೀವ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಗಂಡನಿಗೆ, ನನಗೆ, ಆಮೇಲೆ ನೀಲಾಬಾಯಿಗೆ ಲೋಟ ಇಟ್ಟರು.

"ಬ್ಯಾಡ್ರಿ ತಾಯಿ," ಎಂದರು ನೀಲಾಬಾಯಿ. "ನಿಮ್ಮ ಮ್ಯಾಲ ಸಿಟ್ಟಿಲ್ಲ. ಆದ್ರ ನನ್ನ ಗಂಡನ ಹೆಸರ ನುಂಗಿದ ಮನ್ಯಾಗ ನಾ ನೀರೂ ಕುಡ್ಯಂಗಿಲ್ಲ."

ಸುಬ್ಬಲಕ್ಷ್ಮಮ್ಮ ಲೋಟ ವಾಪಸು ತೆಗೆಯಲಿಲ್ಲ. ಅಲ್ಲೇ ಬಿಟ್ಟು ಪರದೆಯ ಹತ್ತಿರ ಹೋಗಿ ನಿಂತರು. ಒಳಗೆ ಹೋಗಲೂ ಇಲ್ಲ.

"ನೋಡಿದ್ರಾ ಪುಟ್ಟಲಕ್ಷ್ಮಮ್ಮ, ಎಂಥವರನ್ನ ಕಟ್ಟಿಕೊಂಡು ಓಡಾಡ್ತಿದ್ದೀರಿ," ನಂಜುಂಡಯ್ಯನವರು ನಕ್ಕರು. "ಹೋಗಲಿ. ಆ ತೂತು ನೋಡಿ. ಪ್ರೆಸ್ಸಿನ ತಂತಿಯ ತೂತು. ಅದಕ್ಕಿಂತ ಹೆಚ್ಚಿನ ಸಾಕ್ಷಿ ಬ್ರಹ್ಮನೂ ತಂದುಕೊಡಲಾರ."

ನಾನು ತಲೆಯೆತ್ತಿ ಅವರನ್ನು ನೋಡಿದೆ.

ತೂತಿನ ಸುದ್ದಿಯನ್ನು ನಾನು ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕುಂಬಳಕಾಯಿ ಅನ್ನುವ ಮೊದಲೇ ಹೆಗಲಿಗೆ ಕೈ ಹೋಗಿತ್ತು.

ಹದಿನಾಲ್ಕೂ ಹಾಳೆಗಳ ಅಂಚು ಸಮ ಮಾಡಿ, ಕಟ್ಟನ್ನು ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದೆ.

ಕಟ್ಟಿನ ನಡುವಿನಿಂದ ಬಿಸಿಲಿನ ಒಂದು ಚುಕ್ಕೆ ನೇರ ನನ್ನ ಮೂಗಿನ ಮೇಲೆ ಬಿತ್ತು.

ತಲೆಯಿಂದ ಒಂದು ಹೇರ್‌ಪಿನ್ ಎಳೆದು, ನೆಟ್ಟಗೆ ಮಾಡಿ, ಆ ತೂತಿಗೆ ಇಳಿಬಿಟ್ಟೆ. ಎಲ್ಲೂ ತಡೆಯದೆ ಹದಿನಾಲ್ಕನೆಯ ಹಾಳೆಯ ಬೆನ್ನಿಗೆ ಬಂತು.

"ರಾಯರೇ," ಎಂದೆ, "ನೀವು ಪತ್ರಿಕೆಯ ಸಂಪಾದಕರಾಗಿದ್ರಿ ಅಲ್ವೇ?"

"ಗೌರವ ಸಂಪಾದಕ. ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ಹೊತ್ತು ಪ್ರೆಸ್ಸಿಗೆ ಹೋಗ್ತಿದ್ದೆ."

"ಮೊಳೆ ಯಾವತ್ತಾದ್ರೂ ಜೋಡಿಸಿದ್ದೀರಾ?"

"ನಾನ್ಯಾಕೆ ಜೋಡಿಸಲಿ? ಅದಕ್ಕೆ ಆಳುಗಳಿದ್ದರು."

"ಅದಕ್ಕೇ," ಎಂದೆ. "ತಂತಿಯ ಮೇಲೆ ಹಾಳೆ ಇರೋದನ್ನ ನೀವು ನೋಡಿದ್ದೀರಿ. ಹಾಳೆ ತಂತಿಗೆ ಹೋಗೋದನ್ನ ನೋಡಿಲ್ಲ."

ಅವರ ಹುಬ್ಬು ಮೇಲೇರಿತು.

"ಒಂದು ಹಾಳೆ ಜೋಡಿಸಿ ಮುಗಿದ ಕೂಡಲೇ ಚುಚ್ಚಬೇಕು. ಇಲ್ಲದಿದ್ರೆ ಅದನ್ನೇ ಮರೆತು ಇನ್ನೊಂದು ಸಲ ಜೋಡಿಸಿಬಿಡ್ತಾರೆ. ಒಂದು ಹಾಳೆ ಬೆಳಿಗ್ಗೆ ಚುಚ್ಚಿದ್ದು, ಒಂದು ಊಟ ಆದ ಮೇಲೆ, ಇನ್ನೊಂದು ಮಾರನೇ ದಿನ. ಕಣ್ಣು ಮೊಳೆಯ ಮೇಲಿರುತ್ತೆ, ಕೈ ಎಲ್ಲಿಗೋ ಚುಚ್ಚುತ್ತೆ. ಒಂದರಲ್ಲಿ ತೂತು ಮೇಲಕ್ಕೆ, ಒಂದರಲ್ಲಿ ಅಂಚಿಗೆ, ಒಂದು ಅರ್ಧ ಹರಿದು ಹೋಗಿರುತ್ತೆ. ಹದಿನಾಲ್ಕು ಹಾಳೆಗೂ ಕೂದಲೆಳೆ ಆಚೀಚೆ ಆಗದ ಹಾಗೆ ಒಂದೇ ಜಾಗದಲ್ಲಿ ತೂತು ಬೀಳಬೇಕಾದ್ರೆ ಹದಿನಾಲ್ಕನ್ನೂ ಒಟ್ಟಿಗೆ ಇಟ್ಟು, ಒಂದೇ ಏಟಿಗೆ ಚುಚ್ಚಬೇಕು."

"ಎಲ್ಲ ಮುಗಿದ ಮೇಲೆ ಒಟ್ಟಿಗೇ ಚುಚ್ಚಿರಬಹುದು."

"ಹಾಗಿದ್ರೆ ಮಸಿ ಎಲ್ಲಿ? ಮೊಳೆ ಮುಟ್ಟಿದ ಕೈ ಹಾಳೆ ಮುಟ್ಟಿದ್ರೆ ಹೆಬ್ಬೆಟ್ಟಿನ ಕಪ್ಪು ಅಂಟದೆ ಇರುತ್ತಾ? ಹದಿನಾಲ್ಕು ಹಾಳೆಯಲ್ಲಿ ಒಂದು ಗುರುತಿಲ್ಲ. ದೇವರ ಪೂಜೆಗೆ ತೊಳೆದಿಟ್ಟ ವೀಳ್ಯದೆಲೆ ಇದ್ದಂಗಿವೆ."

ನೀಲಾಬಾಯಿ ಒಮ್ಮೆಲೇ ನಕ್ಕರು. ಹಲ್ಲಿಲ್ಲದ ಬಾಯಿಯ ನಗು, ಆದರೂ ಗಟ್ಟಿ.

"ನನ್ನ ಗಂಡನ ಅಂಗಿ, ಧೋತರ, ಗಡಿಗಿ, ಎಲ್ಲಾ ಕಡೆ ಆ ಮಸಿ ಇರತಿತ್ರಿ. ಹಾಸಗಿ ಮ್ಯಾಲೂ ಇರತಿತ್ತು. ನಿಮ್ಮ ಕಾಗದಕ್ಕ ಅಷ್ಟ ಹೆಂಗ ಹತ್ತಲಿಲ್ಲ?"

ನಂಜುಂಡಯ್ಯನವರು ಕಾಫಿ ಲೋಟ ಟೀಪಾಯಿಯ ಮೇಲಿಟ್ಟರು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಮನುಷ್ಯರಿರುತ್ತಾರೆ. ಅವರು ತೂರಿದರು.

"ಸರಿ. ಒಪ್ತೀನಿ," ಎಂದರು. "ಇದು ಮೂಲಪ್ರತಿ ಅಲ್ಲ. ಮೂಲ ಕಳೆದುಹೋಯ್ತು. ಆಮೇಲೆ ಯಾವತ್ತೋ ನೆನಪಿಗೆ ಅಂತ ಬರೆದಿಟ್ಟುಕೊಂಡೆ. ತೂತು ನನ್ನದೇ ದಡ್ಡತನ. ಜನ ಸಾಕ್ಷಿ ಸಾಕ್ಷಿ ಅಂತ ಜೀವ ತಿಂದರೆ ಮನುಷ್ಯ ಏನು ಮಾಡಬೇಕು? ಆದರೆ ಒಂದು ಸುಳ್ಳು ತೂತಿನಿಂದ ಕಥೆ ಬೇರೆಯವರದಾಗಲ್ಲ, ಪುಟ್ಟಲಕ್ಷ್ಮಮ್ಮ. ಈಗ ನಾನು ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮನ್ನಲ್ಲ, ಇವಳನ್ನ."

ಅವರು ನೀಲಾಬಾಯಿಯ ಕಡೆ ತಿರುಗಿದರು.

"ಏನಮ್ಮಾ, ನಿನ್ನ ಗಂಡ ಸತ್ತದ್ದು ಯಾವತ್ತು?"

"ನಲವತ್ನಾಕನೇ ಇಸವಿ, ಏಪ್ರಿಲ್ ಹದಿನಾಕು, ಶುಕ್ರವಾರ," ನೀಲಾಬಾಯಿ ಒಂದೇ ಉಸಿರಿಗೆ ಹೇಳಿದರು. "ಡಾಕಿನ್ಯಾಗ ಮದ್ದು ತುಂಬಿದ ಹಡಗ ಸಿಡದ ದಿವಸ. ಪ್ರೆಸ್ಸಿಗೆ ಕಾಗದ ತರಾಕ ಮಸ್ಜಿದ್ ಬಂದರಿಗೆ ಹೋಗಿದ್ದಾ. ಹೆಣ ಸಿಗಲಿಲ್ಲ. ಒಂದ ಕಾಲಿನ ಚಪ್ಪಲಿ ಸಿಕ್ತು."

"ಕಂದೀಲು ಬರೆದ ಹನ್ನೆರಡು ಕಥೆಯೂ ಅವನದೇ ಅಂತೀಯ?"

ನೀಲಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಹ್ಞೂಂ," ಎಂದರು.

"ಪುಟ್ಟಲಕ್ಷ್ಮಮ್ಮ, 'ಎರಡನೇ ಸದ್ದು' ಬಂದ ಸಂಚಿಕೆ ನೋಡಿದ್ದೀರಾ?"

"ನೋಡಿದ್ದೀನಿ. ಸಾವಿರದ ಒಂಬೈನೂರ ನಲವತ್ನಾಲ್ಕು, ಮಾರ್ಚ್."

"ರಕ್ಷಾಪುಟದ ಮೇಲೆ ಮಾರ್ಚ್," ನಂಜುಂಡಯ್ಯನವರು ಬೆರಳೆತ್ತಿದರು. "ಆ ಕಾಲದಲ್ಲಿ ಕಾಗದದ ಪರ್ಮಿಟ್ ಬಾರದೆ ಒಂದೊಂದು ಸಂಚಿಕೆ ಎರಡು ತಿಂಗಳು ತಡವಾಗ್ತಿತ್ತು. ಮಾರ್ಚ್ ಸಂಚಿಕೆ ಅಚ್ಚಾಗಿದ್ದು ಮೇ ತಿಂಗಳ ಕೊನೇ ವಾರ. ಟಪಾಲಿಗೆ ಹಾಕಿದ ರಸೀದಿ ನನ್ನ ಹತ್ತಿರ ಇದೆ. ಕಥೆಯಲ್ಲಿರೋದು ಎರಡು ಸದ್ದು. ಡಾಕಿನಲ್ಲಿ ಹಡಗು ಎಷ್ಟು ಸಲ ಸಿಡೀತು?"

ಮುಂಬಯಿಯ ಹಳಬರಿಗೆಲ್ಲ ಅದು ಗೊತ್ತು. ಎರಡು ಸಲ. ನಾಲ್ಕು ಗಂಟೆಗೆ ಒಂದು, ಅರ್ಧ ಗಂಟೆ ಬಿಟ್ಟು ಇನ್ನೊಂದು.

"ಆ ಕಥೆ ಡಾಕಿನ ಸ್ಫೋಟದ ಕಥೆ. ಸಂಪಾದಕನಾದ ನನಗೆ ಗೊತ್ತು. ಈಗ ಹೇಳಿ. ಸತ್ತವನು ತನ್ನ ಸಾವಿನ ಕಥೆಯನ್ನ ಒಂದು ತಿಂಗಳಾದ ಮೇಲೆ ಬಂದು ಬರೆದನೇ?"

ನನಗೆ ನನ್ನ ಮೇಲೇ ಸಿಟ್ಟು ಬಂತು. ಆ ಕಥೆಯನ್ನು ನೂರು ಸಲ ಓದಿದ್ದೆ. ಅದರಲ್ಲಿ ಡಾಕ್ ಎಂಬ ಮಾತೇ ಇಲ್ಲ. ಕಿಟಕಿಗೆ ಕರಿಕಾಗದ ಅಂಟಿಸಿದ ಒಂದು ಖೋಲಿ, ಒಬ್ಬ ಹೆಂಗಸು, ಎರಡು ಸದ್ದು, ಅಷ್ಟೇ. ವಿಜಾಪುರದ ಕಡೆಯ ಆಡುಮಾತಿನಲ್ಲಿ ಬರೆದದ್ದು. ಮೈಸೂರಿನ ನಂಜುಂಡಯ್ಯನವರು ಹಾಗೆ ಬರೆದದ್ದೇ ದೊಡ್ಡ ಪ್ರಯೋಗ ಎಂದು ಪಂಡಿತರು ಲೇಖನದ ಮೇಲೆ ಲೇಖನ ಹೊಸೆದಿದ್ದರು. ಮಾರ್ಚ್ ಎಂದು ನೋಡಿದವಳು ನಾನು, ಯಾವುದೋ ಏರ್‌ರೇಡಿನ ತಾಲೀಮು ಇರಬೇಕೆಂದುಕೊಂಡು ಮುಂದೆ ಹೋಗಿದ್ದೆ. ತೂತು ಹುಡುಕುವ ಭರದಲ್ಲಿ ಬಾಗಿಲೇ ಕಂಡಿರಲಿಲ್ಲ.

ಹನ್ನೆರಡರಲ್ಲಿ ಒಂದು ಗುರಲಿಂಗಪ್ಪನದಲ್ಲ ಎಂದಾದರೆ ಉಳಿದ ಹನ್ನೊಂದನ್ನು ಯಾರು ನಂಬುತ್ತಾರೆ? ಕಂದೀಲು ಒಬ್ಬನೇ. ಬದುಕಿದ್ದವನೇ ಕಂದೀಲು. ಭಾನುವಾರ ಶಾಲು ಹೊದಿಸಿಕೊಳ್ಳುವವರು ಇವರೇ.

"ನೀಲಾಬಾಯಿಯವರೇ," ಎಂದೆ. "ನನಗೆ ನಿಜ ಹೇಳಿ. ಇದು ಅವರು ಬರೆದದ್ದಾ?"

ನೀಲಾಬಾಯಿ ತಮ್ಮ ಅಂಗೈ ನೋಡಿಕೊಂಡರು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೂವತ್ತು ವರ್ಷ ಔಷಧಿ ಬಾಟಲಿಗೆ ಚೀಟಿ ಅಂಟಿಸಿದ ಕೈ. ಅಂಟು ಕಚ್ಚಿ ಕಚ್ಚಿ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ.

"ಅಲ್ಲ," ಎಂದರು.

ನಂಜುಂಡಯ್ಯನವರು ಸೋಫಾಕ್ಕೆ ಒರಗಿದರು. "ಕೇಳಿಸ್ತಲ್ಲ? ಅಲ್ಲಿಗೆ ಮುಗೀತು. ಇನ್ನು ನೀವು ಹೊರಡಬಹುದು."

"ಎಲ್ಲಿ ಮುಗೀತ್ರಿ?" ನೀಲಾಬಾಯಿ ಎದ್ದು ನಿಂತರು. "ಅದು ನಂದು."

ಒರಗಿದ್ದ ನಂಜುಂಡಯ್ಯನವರು ನೆಟ್ಟಗೆ ಕೂತರು.

"ನಿಮಗ ಸುಳ್ಳ ಹೇಳೀನಿ ಬಾಯಾರ, ಹೊಟ್ಟಿಗೆ ಹಾಕ್ಕೋರಿ," ನನ್ನ ಕಡೆ ತಿರುಗಿ ಅಂದರು. "ಹನ್ನೊಂದ ಅವನ್ವು. ಹನ್ನೆರಡನೇದು ನಾ ಹೇಳಿದ್ದು. ಅವ ಹೋದ ಇಪ್ಪತ್ತನೇ ದಿವಸ ಪ್ರೆಸ್ಸಿಗೆ ಹೋದೆ. ದಾನಪ್ಪಣ್ಣ ಒಬ್ಬನ ಕುಂತಿದ್ದಾ. ಕಂದೀಲಿನ ಜಾಗಾ ಖಾಲಿ ಬಿಟ್ಟೀನವ್ವ, ಏನ ತುಂಬಲಿ ಅಂದಾ. ನಾ ಹೇಳತೀನಿ, ನೀ ಜೋಡಸು ಅಂದೆ."

"ಏನು?" ನಂಜುಂಡಯ್ಯನವರು ನಕ್ಕೇಬಿಟ್ಟರು. "ನಿನಗೆ ಓದೋಕೆ ಬರುತ್ತಾ?"

"ಇಲ್ಲ."

"ಬರೆಯೋಕೆ?"

"ಇಲ್ಲ."

"ಓದು ಬರಹ ಬರದವಳು ಕಥೆ ಬರೆದಳು! ಅದೂ ಕನ್ನಡದ ಪಂಡಿತರೆಲ್ಲ ತಲೆ ಕೆಡಿಸಿಕೊಂಡ ಕಥೆ!"

"ಬರದಿಲ್ಲ ಅಂದೆನಲ್ಲ, ಹೇಳೀನಿ," ನೀಲಾಬಾಯಿಯ ದನಿ ಏರಿತು. "ನಮ್ಮ ಕಡೆ ಹೆಣ್ಣಮಕ್ಕಳು ಬೀಸೂಕಲ್ಲಿನ ಮುಂದ ಕುಂತು ಜ್ವಾಳ ತೀರೂತನಕ ಹಾಡ ಕಟ್ಟತಾರ. ಯಾರ ಕಾಗದಾ ಹಿಡದಾರು? ನಮ್ಮವ್ವ ಮುನ್ನೂರ ಹಾಡ ಕಟ್ಟಿದ್ಳು, ಒಂದ ಅಕ್ಷರ ಬರತಿರಲಿಲ್ಲ. ನಾ ಹೇಳಕೋತ ಹೋದೆ, ದಾನಪ್ಪಣ್ಣ ಮೊಳಿ ಆರಸಕೋತ ಹೋದಾ. ಅವ ಅಳತಿದ್ದಾ, ನಾ ಅಳಲಿಲ್ಲ. ಕಾಗದನ ಇರಲಿಲ್ಲ ರಾಯರ. ಇಲ್ಲದ ಕಾಗದಕ್ಕ ನೀವು ಹೆಂಗ ತೂತ ಹಾಕಿದ್ರಿ?"

ಹಸ್ತಪ್ರತಿಯೇ ಇರಲಿಲ್ಲ. ಬಾಯಿಂದ ನೇರ ಮೊಳೆಗೆ.

"ನನಗೇಕೆ ಮೊದಲೇ ಹೇಳಲಿಲ್ಲ?" ಸ್ವಲ್ಪ ಗಡುಸಾಗಿಯೇ ಕೇಳಿದೆ.

"ಒಂದು ನಂದು ಅಂದ್ರ, ಉಳದದ್ದು ಅವಂದು ಅನ್ನೂದು ಯಾರ ನಂಬತಾರ್ರಿ? ಅವನ ಹೆಸರ ಉಳೀಲಿ ಅಂತ ನಂದ ನುಂಗಿದ್ದೆ. ಈ ಮನಷ್ಯಾ ಎರಡೂ ನುಂಗಾಕ ಹತ್ಯಾನ. ಇನ್ನ ಸುಮ್ಮ ಕುಂಡ್ರಂಗಿಲ್ಲ."

"ದಾನಪ್ಪ ಹೇಳಲಿಲ್ಲವಲ್ಲ ನನಗೆ."

"ನಾನ ಆಣಿ ಹಾಕಿದ್ದೆ. ಇವತ್ತ ನಾನ ಬಿಚ್ಚೀನಿ."

ನಂಜುಂಡಯ್ಯನವರು ಎದ್ದರು. ಈಗ ಅವರ ಮುಖದಲ್ಲಿ ನಗು ಇರಲಿಲ್ಲ, ಆದರೆ ಹೆದರಿಕೆಯೂ ಇರಲಿಲ್ಲ. "ಕಣ್ಣು ಕಾಣದ ಎಂಬತ್ತರ ಮುದುಕ, ಅಕ್ಷರ ಬರದ ಮುದುಕಿ. ಇವರಿಬ್ಬರ ಬಾಯಿಮಾತು. ಬರೋ ಭಾನುವಾರ ಸಭೆಗೆ ಬಂದು ಹೇಳಿ, ಯಾರು ನಂಬ್ತಾರೋ ನೋಡೋಣ. ಅಚ್ಚಾದ ಕಥೆಯನ್ನ ಯಾರು ಬೇಕಾದ್ರೂ ಬಾಯಿಪಾಠ ಮಾಡಬಹುದು."

"ಅಚ್ಚಾಗದ್ದನ್ನ?" ಎಂದರು ನೀಲಾಬಾಯಿ.

"ಏನು?"

"ನೀವು ಛಾಪಿಸಿದ್ದು ಎಲ್ಲಿ ಮುಗೀತದ, ಹೇಳ್ರಿ."

ಅದನ್ನು ನಾನೇ ಹೇಳಬಲ್ಲೆ. ಕನ್ನಡ ಓದಿದ ಯಾರಾದರೂ ಹೇಳಬಲ್ಲರು. 'ಎರಡನೇ ಸದ್ದು ನನಗ ಕೇಳಲಿಲ್ಲ.' ಆ ಕೊನೆಯ ಸಾಲಿನ ಮೇಲೆ ಎಷ್ಟು ಭಾಷಣ! ಆಧುನಿಕ ಮನುಷ್ಯನ ಕಿವುಡು ಎಂದರು ಒಬ್ಬರು. ಇತಿಹಾಸದ ಮೌನ ಎಂದರು ಇನ್ನೊಬ್ಬರು. ನಂಜುಂಡಯ್ಯನವರು ಎಲ್ಲಕ್ಕೂ ತಲೆಯಾಡಿಸಿ ಶಾಲು ಹೊದ್ದುಕೊಂಡು ಬಂದಿದ್ದರು.

"ಅದು ಕೊನಿ ಅಲ್ಲ," ಎಂದರು ನೀಲಾಬಾಯಿ. "ಮುಂದ ಇನ್ನಾ ಮೂರ ಸಾಲ ಇದ್ದೂವು. ದಾನಪ್ಪಣ್ಣ ಎಲ್ಲಾ ಜೋಡಿಸಿ ತಪ್ಪ ನೋಡಾಕ ಒಂದ ಹಸೀ ಪ್ರೂಫ್ ತಗದಾ. ಆಮ್ಯಾಲ ನೋಡಿದ್ರ ಪುಟದಾಗ ಜಾಗಿಲ್ಲ, ಇನ್ನೊಂದ ಪುಟ ಹಾಕಾಕ ಕಾಗದಿಲ್ಲ. ಅಳಕೋತನ ಕಡೀ ಮೂರ ಸಾಲಿನ ಮೊಳಿ ಕಿತ್ತಾ. ಆ ಮೂರ ಸಾಲ ಈ ಭೂಮಿ ಮ್ಯಾಲ ನನಗ ಗೊತ್ತು, ದಾನಪ್ಪಣ್ಣಗ ಗೊತ್ತು."

"ಹೇಳಿ," ಎಂದೆ.

ನೀಲಾಬಾಯಿ ಕಣ್ಣು ಮುಚ್ಚಿದರು. ಬಲಗೈ ತಾನಾಗಿ ಸಣ್ಣಗೆ ಸುತ್ತತೊಡಗಿತು. ಕಾಣದ ಬೀಸುವ ಕಲ್ಲಿನ ಗೂಟ ಹಿಡಿದಿದ್ದರು.

"ಮೊದಲನೇ ಸದ್ದಿಗೆ ಕಿಟಕಿಯ ಕರಿಕಾಗದ ಹರೀತು. ಎರಡ ವರ್ಷಕ್ಕ ಖೋಲ್ಯಾಗ ಬಿಸಲ ಬಂತು. ಬಿಸಲ ನೋಡಿ ನಾ ನಕ್ಕೆ. ಎರಡನೇ ಸದ್ದು ನನಗ ಕೇಳಲಿಲ್ಲ."

ಒಂದು ಉಸಿರು ತೆಗೆದುಕೊಂಡರು.

"ನಾ ಅವನ ಅಂಗಿ ಕಲ್ಲಿಗೆ ಬಡ್ಯಾಕ ಹತ್ತಿದ್ದೆ. ಮಸಿ ಹ್ವಾದ ಮ್ಯಾಲ ಹಗ್ಗದ ಮ್ಯಾಲ ಹಾಕೀನಿ..."

ನನಗೆ ಕಣ್ಣು ತುಂಬಿಬಂತು, ಅದನ್ನು ಮುಚ್ಚಿಡುವುದಿಲ್ಲ. ನಲವತ್ತೆರಡು ವರ್ಷ ಪಂಡಿತರು ಇತಿಹಾಸದ ಮೌನ ಎಂದು ಕರೆದದ್ದು ಇದು. ಗಂಡ ಸಾಯುವ ಹೊತ್ತಿನಲ್ಲಿ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಅವನ ಅಂಗಿಯ ಮಸಿ ತೊಳೆಯುತ್ತಿದ್ದಳು.

ಮೂರನೆಯ ಸಾಲು ಬರಲಿಲ್ಲ.

ನೀಲಾಬಾಯಿಯ ತುಟಿ ಅಲುಗಿತು, ಸ್ವರ ಹೊರಡಲಿಲ್ಲ. ಅವತ್ತು ಪ್ರೆಸ್ಸಿನಲ್ಲಿ ಅಳದೆ ಉಳಿಸಿಟ್ಟದ್ದೆಲ್ಲ ಈಗ ಗಂಟಲಿಗೆ ಬಂದಿತ್ತು. ಕೈ ಮಾತ್ರ ಸುತ್ತುತ್ತಲೇ ಇತ್ತು.

"ನೋಡಿ, ಮರೆತೇಹೋಯ್ತು," ನಂಜುಂಡಯ್ಯನವರು ಅಂದರು. "ಕಟ್ಟಿದ ಕಥೆಗೆ ಕೊ..."

"ಅಂಗಿ ಇನ್ನೂ ಹಸೀನ ಐತಿ."

ಹೇಳಿದ್ದು ನೀಲಾಬಾಯಿಯಲ್ಲ.

ಮೂವರೂ ತಿರುಗಿದೆವು. ಪರದೆಯ ಹತ್ತಿರ ಸುಬ್ಬಲಕ್ಷ್ಮಮ್ಮ ನಿಂತಿದ್ದರು. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ ಬೆಳೆದ ಆ ಬಾಯಲ್ಲಿ ವಿಜಾಪುರದ ಆ ಸಾಲು ಒಂದು ಅಕ್ಷರ ಆಚೀಚೆ ಆಗದೆ ಬಂದಿತ್ತು.

ನೀಲಾಬಾಯಿ ಕಣ್ಣು ಬಿಟ್ಟರು. "ಅದ," ಎಂದು ಪಿಸುಗುಟ್ಟಿದರು. "ಅದ ಸಾಲು. ತಾಯಿ, ನಿಮಗ ಹೆಂಗ..."

"ಸುಬ್ಬೂ, ಒಳಗೆ ಹೋಗು," ಎಂದರು ನಂಜುಂಡಯ್ಯನವರು.

"ಒಳಗೇ ಇದ್ದೆ, ನಲವತ್ತು ವರ್ಷ," ಸುಬ್ಬಲಕ್ಷ್ಮಮ್ಮನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನೀವು ಆ ಪ್ರೂಫನ್ನ ಪ್ರೆಸ್ಸಿನಿಂದ ತಂದು, ಬಚ್ಚಲ ಒಲೆಗೆ ಹಾಕು ಅಂತ ಕೊಟ್ಟಿದ್ರಿ. ಹಾಕೋ ಮುಂಚೆ ಓದಿದೆ. ಓದಿದ ಮೇಲೆ ಹಾಕೋಕಾಗಲಿಲ್ಲ."

ಅವರು ನಡೆದು ಬಂದು, ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ, ಯಾರೂ ಕುಡಿಯದ ಆ ಕಾಫಿ ಲೋಟದ ಪಕ್ಕದಲ್ಲಿಟ್ಟರು.

"ಬೀರುವಿನ ಒಳಖಾನೆ, ಪುಟ್ಟಲಕ್ಷ್ಮಮ್ಮ. ನನ್ನ ಧಾರೆ ಸೀರೆಯ ಮಡಿಕೆಯಲ್ಲಿದೆ. ಹೆಬ್ಬೆಟ್ಟಿನ ಮಸಿ ಇನ್ನೂ ಹಾಗೇ ಇದೆ."

ನಾನು ಕೈ ಚಾಚಿದೆ. ನನಗಿಂತ ಮೊದಲು ನಂಜುಂಡಯ್ಯನವರ ಕೈ ಗೊಂಚಲಿನ ಮೇಲೆ ಬಿದ್ದು, ಮುಷ್ಟಿ ಬಿಗಿಯಿತು.

ಆ ಮುಷ್ಟಿಯ ಮೇಲೆ ನೀಲಾಬಾಯಿಯ ಕೈ ಬಿತ್ತು.

"ಬಿಡ್ರಿ ರಾಯರ," ಎಂದರು ನೀಲಾಬಾಯಿ.

ಅವರು ಬಿಡಲಿಲ್ಲ. ಇವರೂ ಬಿಡಲಿಲ್ಲ.